ಗೊಬ್ಬರದ ಗುಂಡಿಯ ಪಕ್ಕದ ಕಪ್ಪು ಹುಳ

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ಹತ್ತಿರ ಇರುವ ನೆಂಟರೊಬ್ಬರು ಮೊಬೈಲಿಗೆ ಒಂದು ಫೋಟೊ ಕಳಿಸಿದರು. ಹಟ್ಟಿಯ ಹಿಂದೆ, ಗೊಬ್ಬರದ ಗುಂಡಿಯ ಪಕ್ಕದ ಬಾಳೆ ಎಲೆಯ ಮೇಲೆ ಒಂದು ಕಪ್ಪು ಹುಳ ಕೂತಿತ್ತು. ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ಉದ್ದ. "ಇದು ಯಾವ ಕಣಜದ ಹುಳ? ಮಕ್ಕಳು ಅಲ್ಲೇ ಆಡ್ತಾರೆ, ಕುಟುಕೀತಾ?" ಎಂದು ಕೇಳಿದ್ದರು.

ನನಗೂ ಮೊದಲು ಕಣಜದ ಹುಳ ಎಂದೇ ಅನಿಸಿತು. ಸಪೂರ ಸೊಂಟ, ಉದ್ದ ಮೀಸೆ, ಹೊಗೆ ಬಣ್ಣದ ರೆಕ್ಕೆ. ಆದರೆ ಹುಳದ ಗುರುತು ಹಿಡಿಯುವಾಗ ಬಣ್ಣ, ಆಕಾರ ಎಲ್ಲ ಆಮೇಲೆ. ಮೊದಲು ರೆಕ್ಕೆ ಎಣಿಸಬೇಕು. ಕಣಜದ ಹುಳಕ್ಕೆ, ಜೇನಿಗೆ ನಾಲ್ಕು ರೆಕ್ಕೆ. ನೊಣಕ್ಕೆ ಎರಡೇ. ನೊಣ, ಸೊಳ್ಳೆಗಳ ಗಣಕ್ಕೆ ಡಿಪ್ಟೆರಾ ಎಂದು ಹೆಸರು. ಆ ಗ್ರೀಕ್ ಮಾತಿಗೆ ಅರ್ಥವೇ ಎರಡು ರೆಕ್ಕೆ. ಹಿಂದಿನ ಜೋಡಿ ಇರಬೇಕಾದ ಜಾಗದಲ್ಲಿ ಗುಂಡುಸೂಜಿಯ ತಲೆಯಂಥ ಒಂದು ಪುಟ್ಟ ಅಂಗ ಇರುತ್ತದೆ. ಅದು ಹಾಲ್ಟರ್. ಹಾರುವಾಗ ರೆಕ್ಕೆಯ ಜೊತೆಗೇ ಪಟಪಟ ಬಡಿಯುತ್ತಾ, ಮೈ ಯಾವ ಕಡೆಗೆ ವಾಲುತ್ತಿದೆ ಎಂದು ನೊಣಕ್ಕೆ ತಿಳಿಸುತ್ತದೆ.

ನೆಂಟರ ಫೋಟೊದಲ್ಲಿ ರೆಕ್ಕೆಗಳು ಬೆನ್ನಿನ ಮೇಲೆ ಒಂದರ ಮೇಲೊಂದು ಮಡಚಿಕೊಂಡಿದ್ದವು. ಎಣಿಸಲು ಆಗಲಿಲ್ಲ. ಇದು ಎಲ್ಲರಿಗೂ ಎದುರಾಗುವ ತೊಂದರೆ. ನಾವು ಸಾಮಾನ್ಯವಾಗಿ ಮೇಲಿನಿಂದ ಒಂದೇ ಒಂದು ಚಂದದ ಫೋಟೊ ತೆಗೆಯುತ್ತೇವೆ. ಗುರುತು ಇರುವುದು ಜಾಸ್ತಿ ಬದಿಯಲ್ಲಿ, ಮುಖದಲ್ಲಿ, ರೆಕ್ಕೆಯ ನರಗಳಲ್ಲಿ. "ಇನ್ನೊಮ್ಮೆ ಸಿಕ್ಕಿದರೆ ಬದಿಯಿಂದ ಒಂದು, ಎದುರಿನಿಂದ ಒಂದು ತೆಗೀರಿ" ಎಂದೆ.

ಮಾರನೇ ದಿನ ಬೆಳಗ್ಗೆ ಆರು ಫೋಟೊ ಬಂತು! ಬದಿಯ ಫೋಟೊವನ್ನು ದೊಡ್ಡದು ಮಾಡಿ ನೋಡಿದರೆ, ರೆಕ್ಕೆಯ ಬುಡದ ಕೆಳಗೆ ಮಾಸಲು ಬಿಳಿಯ ಒಂದು ಗುಂಡು. ಹಾಲ್ಟರ್! ಅಲ್ಲಿಗೆ ಇದು ನೊಣವೇ ಎಂದಾಯಿತು. ಹಾಗಾದರೆ ಆ ಸಪೂರ ಸೊಂಟ? ರೆಕ್ಕೆ ಸ್ವಲ್ಪ ಸರಿದಿದ್ದ ಇನ್ನೊಂದು ಫೋಟೊದಲ್ಲಿ ಉತ್ತರ ಸಿಕ್ಕಿತು. ಹೊಟ್ಟೆಯ ಬುಡದಲ್ಲಿ ಎರಡು ಪಾರದರ್ಶಕ ಕಿಟಕಿಗಳು. ಅವುಗಳ ಮೂಲಕ ಕೆಳಗಿನ ಬಾಳೆ ಎಲೆಯ ಹಸಿರು ಕಾಣುತ್ತಿತ್ತು. ಸೊಂಟ ಸಪೂರ ಇರಲೇ ಇಲ್ಲ. ಎರಡೂ ಬದಿ ಬೆಳಕು ಹಾದುಹೋಗಿ, ನಡುವಿನ ಕಪ್ಪು ಪಟ್ಟಿ ಮಾತ್ರ ಕಣ್ಣಿಗೆ ಬಿದ್ದಿತ್ತು. ಎಂಥ ವೇಷ, ಅಲ್ವಾ? ನಾನು ಆ ಫೋಟೊವನ್ನು ಎಷ್ಟು ಸಲ ನೋಡಿದೆನೋ.

ಆಮೇಲಿನ ಕೆಲಸ ಸುಲಭವಾಯಿತು. ಕಪ್ಪು ಕಾಲುಗಳಿಗೆ ಬಿಳಿ ಪಾದ, ತಲೆಗಿಂತ ಉದ್ದವಾಗಿ ತುದಿಯಲ್ಲಿ ಚಪ್ಪಟೆಯಾದ ಮೀಸೆ, ರೆಕ್ಕೆಯ ಮುಂದಿನ ಅಂಚಿಗೆ ಒತ್ತಿಕೊಂಡ ನರಗಳು. ಇದು ಕಪ್ಪು ಸೈನಿಕ ನೊಣ, ಹರ್ಮೀಷಿಯಾ ಇಲ್ಯುಸೆನ್ಸ್. ಲಿನೇಯಸ್ 1758ರಲ್ಲೇ ಇದನ್ನು ವಿವರಿಸಿದ್ದರು. ಮೂಲ ಊರು ಅಮೆರಿಕ ಖಂಡ, ಈಗ ಬೆಚ್ಚಗಿನ ನಾಡುಗಳಲ್ಲೆಲ್ಲ ಇದೆ. ಕುಟುಕಲು ಮುಳ್ಳಿಲ್ಲ, ಕಚ್ಚುವುದೂ ಇಲ್ಲ. ಇದರ ಮರಿಹುಳಗಳು ಅಡುಗೆಮನೆಯ ಕಸ, ಕೊಳೆತ ಹಣ್ಣು ತಿಂದು ಕರಗಿಸುತ್ತವೆ. ಗೊಬ್ಬರದ ಗುಂಡಿಯಲ್ಲಿ ತಾವು ಕಂಡಿದ್ದ ಚಪ್ಪಟೆ ಕಂದು ಹುಳಗಳು ಇವೇ ಎಂಬುದೂ ನೆಂಟರಿಗೆ ಆಗಲೇ ಗೊತ್ತಾಯಿತು.

ಮೇಲಿನಿಂದ ತೆಗೆದ ಒಂದೇ ಫೋಟೊ ಸಾಕಾಗುವ ನೊಣಗಳೂ ಇವೆ. ನಮ್ಮ ತೋಟದ ಹಣ್ಣು ನೊಣಗಳನ್ನೇ ನೋಡಿ. ಮಾವಿಗೆ ಮೊಟ್ಟೆ ಚುಚ್ಚುವ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್‌ನ ಬೆನ್ನಿನ ಎರಡು ಬದಿಗೆ ಮಾತ್ರ ಹಳದಿ ಗೀಟು. ಹಾಗಲ, ಮುಳ್ಳುಸೌತೆಗೆ ಬರುವ ನೊಣಕ್ಕೆ ನಡುವೆ ಮೂರನೆಯದೊಂದು ಗೀಟು, ಜೊತೆಗೆ ರೆಕ್ಕೆಯ ತುದಿಯಲ್ಲಿ ಕಂದು ಮಚ್ಚೆ. ಆದರೆ ಮಾವಿನ ನೊಣಕ್ಕೆ ಅದರಂತೆಯೇ ಕಾಣುವ ದಾಯಾದಿಗಳು ಹಲವು. ಹಾಗಾಗಿ ಯಾವ ಹಣ್ಣಿನ ಮೇಲೆ, ಯಾವ ಊರಲ್ಲಿ ಸಿಕ್ಕಿತು ಎಂದು ಬರೆದಿಡುವುದು ಫೋಟೊದಷ್ಟೇ ಮುಖ್ಯ.

ಎಷ್ಟು ಒಳ್ಳೆಯ ಫೋಟೊ ಇದ್ದರೂ ಸಾಲದ ನೊಣಗಳು ಇನ್ನು ಕೆಲವು. ನೆಂಟರು ಕಳಿಸಿದ ಆ ಆರು ಫೋಟೊಗಳಲ್ಲಿ ಒಂದರಲ್ಲಿ ಒಂದು ಬೂದು ನೊಣ ಇತ್ತು. ಕೆಂಪು ಕಣ್ಣು, ಹೊಟ್ಟೆಯ ಮೇಲೆ ಚೌಕುಳಿ, ಬೆನ್ನಿನ ಮೇಲೆ ಮೂರು ಕಪ್ಪು ಗೀಟು. ಮನೆನೊಣಕ್ಕಾದರೆ ನಾಲ್ಕು. ಇದು ಮಾಂಸದ ನೊಣಗಳ ಕುಟುಂಬದ್ದು, ಸಾರ್ಕೊಫ್ಯಾಜಿಡೆ. ಆ ಕುಟುಂಬದ ಬಹುಪಾಲು ನೊಣಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಯಾವ ಜಾತಿ ಎಂದು ಹೇಳಬೇಕಾದರೆ ಗಂಡು ನೊಣದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸುಮ್ನೆ ಹೋಲಿಕೆ ನೋಡಿ ಒಂದು ಹೆಸರು ಅಂಟಿಸಿದರೆ, ಮುಂದೆ ಅದನ್ನು ನಂಬಿದವರೆಲ್ಲ ದಾರಿ ತಪ್ಪುತ್ತಾರೆ. ಅದಕ್ಕೇ ಆ ಫೋಟೊದ ಕೆಳಗೆ ಕುಟುಂಬದ ಹೆಸರು, ಊರು, ತಾರೀಕು, ಕೂತಿದ್ದ ಗಿಡ ಇಷ್ಟನ್ನು ಬರೆದಿದ್ದೇವೆ. ಜಾತಿಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇವೆ.