ಕ್ಯೋಟೋದ ಪೂರ್ವ ದೇವಾಲಯ ನೋಡಿದ್ದಾಯ್ತು, ಪಶ್ಚಿಮದ್ದು ಎಲ್ಲಿ?

ಓದುಗರ ಪ್ರಶ್ನೆ: ಕ್ಯೋಟೋದಲ್ಲಿ ತೋಜಿ ನೋಡಿದೆವು. ‘ತೋಜಿ’ ಅಂದರೆ ಪೂರ್ವದ ದೇವಾಲಯವಂತೆ. ಹಾಗಿದ್ರೆ ಪಶ್ಚಿಮದಲ್ಲೂ ಒಂದು ಇರಬೇಕಲ್ವಾ? ನೋಡೋಕೆ ಆಗುತ್ತಾ?

ಇತ್ತು. ಹೆಸರು ಸೈಜಿ. ಜಾಗವನ್ನು ಈಗಲೂ ನೋಡಬಹುದು, ಟಿಕೆಟ್ ಬೇಡ. ಆದರೆ ಅಲ್ಲಿರುವುದು ಮಕ್ಕಳು ಆಡುವ ಪಾರ್ಕು, ಅದರಲ್ಲೊಂದು ಮಣ್ಣಿನ ದಿಬ್ಬ, ಅಷ್ಟೇ.

794ರಲ್ಲಿ ಜಪಾನಿನ ರಾಜಧಾನಿ ಇಲ್ಲಿಗೆ ಬಂದಿತು. ಊರಿನ ದಕ್ಷಿಣದ ಹೆಬ್ಬಾಗಿಲು ರಾಶೋಮೋನ್. ಅದರ ಆಚೆ ಈಚೆ ಎರಡು ಬೌದ್ಧ ದೇವಾಲಯಗಳನ್ನು ಅರಮನೆಯೇ ಕಟ್ಟಿಸಿತು. 823ರಲ್ಲಿ ತೋಜಿ ಕೂಕೈ ಎಂಬ ಭಿಕ್ಷುವಿನ ಕೈಗೆ ಬಂತು. ಸೈಜಿ ಶುಬಿನ್ ಎಂಬವರ ಪಾಲಾಯಿತು ಅನ್ನುತ್ತಾರೆ.

ಇಬ್ಬರಿಗೂ ಆಗಿಬರುತ್ತಿರಲಿಲ್ಲ. 824ರ ಬರಗಾಲದಲ್ಲಿ ಮಳೆ ತರಿಸುವ ಪೈಪೋಟಿ ನಡೆದ ಕಥೆ ಇದೆ. ಮಳೆ ತರುವ ನಾಗಗಳನ್ನೆಲ್ಲ ಶುಬಿನ್ ಹೂಜಿಯೊಳಗೆ ಮುಚ್ಚಿಟ್ಟರಂತೆ. ತಪ್ಪಿಸಿಕೊಂಡಿದ್ದು ಒಂದೇ, ಅದೂ ನಮ್ಮ ಹಿಮಾಲಯದ ಕಡೆಯ ಅನವತಪ್ತ ಸರೋವರದ್ದು! ಕೂಕೈ ಅದನ್ನು ಕರೆಸಿದರು, ಮಳೆ ಸುರಿಯಿತು. ಸಿಟ್ಟಿಗೆದ್ದ ಶುಬಿನ್ ಕೂಕೈ ಮೇಲೆ ಬಾಣ ಬಿಟ್ಟರೆ ಜಿಜೋ ಬೋಧಿಸತ್ವ ಅಡ್ಡ ಬಂದು ತನ್ನ ಮೈಗೆ ತಗುಲಿಸಿಕೊಂಡನಂತೆ. ಗೆದ್ದವರ ಕಡೆಯ ಕಥೆ, ಸ್ವಲ್ಪ ಉಪ್ಪು ಖಾರ ಇದ್ದದ್ದೇ.

ಸೈಜಿ ಅಳಿದದ್ದು ಬಾಣದಿಂದಲ್ಲ. ಊರಿನ ಪಶ್ಚಿಮ ಭಾಗ ತಗ್ಗು, ಜೌಗು. ಜನ ಪೂರ್ವಕ್ಕೆ ಸರಿದರು. 990ರಲ್ಲಿ ಬೆಂಕಿ ಬಿತ್ತು. 1233ರಲ್ಲಿ ಉಳಿದಿದ್ದ ಗೋಪುರವೂ ಸುಟ್ಟಿತು. ಮತ್ತೆ ಕಟ್ಟಿಸುವವರು ಯಾರೂ ಬರಲಿಲ್ಲ. ತೋಜಿಯ ಗೋಪುರವೇನು ಸುಡಲಿಲ್ಲವೇ? ನಾಲ್ಕು ಸಲ ಸುಟ್ಟಿದೆ. ಈಗಿನ 55 ಮೀಟರ್ ಎತ್ತರದ್ದು 1644ರದು. ಆದರೆ ತೋಜಿಯನ್ನು ಮತ್ತೆ ಕಟ್ಟಿಸಲು ಕೂಕೈ ಭಕ್ತರಿದ್ದರು. ಇವತ್ತಿಗೂ ಪ್ರತಿ ತಿಂಗಳ 21ಕ್ಕೆ ಅವರ ಹೆಸರಲ್ಲಿ ಅಲ್ಲಿ ಸಂತೆ ಸೇರುತ್ತದೆ.

ಇನ್ನು ಹೋಗುವ ದಾರಿ. ತೋಜಿಯಿಂದ ಕುಜೋ ರಸ್ತೆ ಹಿಡಿದು ಪಶ್ಚಿಮಕ್ಕೆ ನಡೆಯಿರಿ. ಬಾಣ ತಿಂದ ಜಿಜೋನ ಪುಟ್ಟ ಗುಡಿ ಸಿಗುತ್ತದೆ. ಅದರ ಹಿಂದೆ ಜಾರುಬಂಡೆ ಇರುವ ಸಣ್ಣ ಪಾರ್ಕಿನಲ್ಲಿ ಒಂದು ಕಲ್ಲುಕಂಬ. ರಾಶೋಮೋನ್ ಇದ್ದ ಜಾಗ ಅದೇ. ಇನ್ನೂ ಮುಂದೆ ಹೋದರೆ ಕರಾಹಾಶಿ ಬಡಾವಣೆಯ ಸೈಜಿ ಪಾರ್ಕು. ರೈಲಲ್ಲಿ ಬರುವವರು ನಿಶಿಓಜಿ ಸ್ಟೇಷನ್ನಿನಲ್ಲಿ ಇಳಿಯಬಹುದು. ದಿಬ್ಬದ ಮೇಲೆ ಹೆಸರು ಕೆತ್ತಿದ ಕಲ್ಲಿದೆ, ಹಳೆಯ ಅಡಿಪಾಯದ ಕಲ್ಲುಗಳಿವೆ. 1921ರಲ್ಲೇ ಇದು ರಾಷ್ಟ್ರೀಯ ಸ್ಮಾರಕವಾಗಿದೆ.

ಒಂದು ಮಾತು: ತೋಜಿಯನ್ನು ಮೊದಲು ನೋಡಿ, ಅದರಲ್ಲೂ 21 ಮೂರ್ತಿಗಳಿರುವ ಉಪನ್ಯಾಸ ಮಂದಿರವನ್ನು. ಸೈಜಿಯ ಉಪನ್ಯಾಸ ಮಂದಿರ ಇದ್ದದ್ದು ಈ ದಿಬ್ಬದಲ್ಲೇ.