ಪ್ರಾಕ್ಟಿಕಲ್ ಎಲ್ಲಿ ಮಾಡಿಸ್ತಾರಂತೆ?

ಪಿಯುಸಿ ಫಲಿತಾಂಶ ಬಂದು ಹದಿನೈದು ದಿನ ಕಳೆಯುವಷ್ಟರಲ್ಲಿ ಮಂಡ್ಯ, ಮದ್ದೂರು, ನಾಗಮಂಗಲ, ಟಿ. ನರಸೀಪುರದ ಕಡೆಯಿಂದ ಒಂದೇ ಪ್ರಶ್ನೆ ಬರತೊಡಗುತ್ತದೆ: ‘ಆನ್‌ಲೈನಲ್ಲಿ ಮೆಡಿಕಲ್ ಅಸಿಸ್ಟೆಂಟ್ ಕೋರ್ಸ್ ಮಾಡಿದ್ರೆ ಸರ್ಟಿಫಿಕೇಟ್ ವ್ಯಾಲಿಡ್ಡಾ ಮೇಡಂ?’ ಮೂರು ತಿಂಗಳ ಕೋರ್ಸು, ಮೊಬೈಲಿನಲ್ಲೇ ಪಾಠ, ಕೊನೆಗೊಂದು ಚಿನ್ನದ ಬಣ್ಣದ ಮುದ್ರೆಯ ಪ್ರಮಾಣಪತ್ರ, ಅದರ ಮೇಲೆ ‘ಇಂಟರ್‌ನ್ಯಾಷನಲ್’ ಎಂಬ ಪದ ಕಡೇಪಕ್ಷ ಎರಡು ಸಲ. ಫೀಸು ಎಷ್ಟೆಂದು ಕೇಳಿರುತ್ತಾರೆ, ಎಷ್ಟು ಕಂತೆಂದು ಕೇಳಿರುತ್ತಾರೆ, ಕೆಲಸ ಕೊಡಿಸುತ್ತೀರಾ ಎಂದೂ ಕೇಳಿರುತ್ತಾರೆ. ‘ಪ್ರಾಕ್ಟಿಕಲ್ ಎಲ್ಲಿ ಮಾಡಿಸ್ತಾರಂತೆ?’ ಎಂದು ತಿರುಗಿ ಕೇಳಿದರೆ ಮಾತ್ರ ಆ ಕಡೆ ಸದ್ದಿಲ್ಲ. ಆಮೇಲೆ ನಿಧಾನವಾಗಿ, ‘ವಿಡಿಯೋದಲ್ಲೇ ತೋರಿಸ್ತಾರಂತೆ.’

ತೋರಿಸುತ್ತಾರೆ, ಸರಿ. ನಿಮ್ಮ ಕೈಯನ್ನು ನೋಡುವವರು ಯಾರು? ಈ ವೃತ್ತಿಯಲ್ಲಿ ಕಲಿಕೆ ಎಂದರೆ ಮೇಷ್ಟ್ರ ಕೈಯನ್ನು ನೀವು ನೋಡುವುದು ಕಾಲು ಭಾಗ. ನಿಮ್ಮ ಕೈಯನ್ನು ಮೇಷ್ಟ್ರು ನೋಡಿ, ‘ಹೆಬ್ಬೆರಳು ಅಲ್ಲಲ್ಲ, ಇನ್ನೂ ಕೆಳಗೆ’ ಎಂದು ಗದರುವುದು ಉಳಿದ ಮುಕ್ಕಾಲು. ಮೊಬೈಲು ಆ ಮುಕ್ಕಾಲನ್ನು ಮಾಡುವುದಿಲ್ಲ.

‘ಸರ್ಟಿಫೈಡ್ ಮೆಡಿಕಲ್ ಅಸಿಸ್ಟೆಂಟ್’ ಎಂಬ ಹೆಸರು ಬಂದದ್ದು ಅಮೆರಿಕದಿಂದ. ಅಲ್ಲಿನ ಅಮೆರಿಕನ್ ಅಸೋಸಿಯೇಷನ್ ಆಫ್ ಮೆಡಿಕಲ್ ಅಸಿಸ್ಟೆಂಟ್ಸ್ ಕೊಡುವ ‘ಸಿಎಂಎ’ ಅದು. ಆರ್‌ಎಂಎ (ರಿಜಿಸ್ಟರ್ಡ್ ಮೆಡಿಕಲ್ ಅಸಿಸ್ಟೆಂಟ್), ಸಿಸಿಎಂಎ (ಸರ್ಟಿಫೈಡ್ ಕ್ಲಿನಿಕಲ್ ಮೆಡಿಕಲ್ ಅಸಿಸ್ಟೆಂಟ್) ಮುಂತಾದವು ಬೇರೆ ಸಂಸ್ಥೆಗಳು ಕೊಡುವ ಇಂಥದೇ ಪ್ರಮಾಣಪತ್ರಗಳು. ಕ್ಲಿನಿಕ್ಕಿಗೆ ಬಂದವರನ್ನು ಒಳಗೆ ಕರೆದು ತೂಕ, ಬಿಪಿ ನೋಡುವುದು, ರಕ್ತ ತೆಗೆಯುವುದು, ಇಸಿಜಿ ಮಾಡುವುದು, ಫೈಲು ಮತ್ತು ವಿಮೆಯ ಕಾಗದ ನೋಡಿಕೊಳ್ಳುವುದು, ಇಷ್ಟು ಕೆಲಸ. ಫಿಸಿಶಿಯನ್ ಅಸಿಸ್ಟೆಂಟ್ ಬೇರೆ, ಅದಕ್ಕೆ ಅಲ್ಲಿ ಸ್ನಾತಕೋತ್ತರ ಪದವಿ ಬೇಕು. ಎರಡನ್ನೂ ಒಂದೇ ಕರಪತ್ರದಲ್ಲಿ ಕಲಸಿಟ್ಟಿದ್ದರೆ ಆ ಕರಪತ್ರವನ್ನು ಅಲ್ಲೇ ಬಿಡಿ.

ಸಿಎಂಎ ಪರೀಕ್ಷೆ ನಡೆಯುವುದು ಕಂಪ್ಯೂಟರಿನಲ್ಲಿ: 200 ಬಹು ಆಯ್ಕೆಯ ಪ್ರಶ್ನೆ, ನಲವತ್ತು ನಲವತ್ತು ನಿಮಿಷದ ನಾಲ್ಕು ಭಾಗ. ಸೂಜಿ ಹಿಡಿಯುವ ಮಾತೇ ಇಲ್ಲ. ಹಾಗಿದ್ದರೆ ಅಭ್ಯರ್ಥಿಯ ಕೈ ಪಳಗಿದೆ ಎಂದು ಅವರು ನಂಬುವುದು ಹೇಗೆ? ಪರೀಕ್ಷೆಗೆ ಕೂರುವ ಮುಖ್ಯ ದಾರಿ ಮಾನ್ಯತೆ ಪಡೆದ ಶಾಲೆಯ ಮೂಲಕ. ಆ ಶಾಲೆಯಲ್ಲಿ ಪಟ್ಟಿಯಲ್ಲಿರುವ ಕೈಕೆಲಸವನ್ನೆಲ್ಲ ಒಂದೂ ಬಿಡದೆ ಶಿಕ್ಷಕರ ಕಣ್ಣೆದುರು ಮಾಡಿ ಪಾಸಾಗಬೇಕು, ಆಮೇಲೆ ಕಡೇಪಕ್ಷ 160 ಗಂಟೆ ಸಂಬಳವಿಲ್ಲದೆ ಕ್ಲಿನಿಕ್ಕಿನಲ್ಲಿ ನಿಂತು ದುಡಿಯಬೇಕು. ಆರ್‌ಎಂಎ, ಸಿಸಿಎಂಎಗಳಿಗೆ ಕೆಲಸದ ಅನುಭವದ ಮೇಲೂ ಕೂರಬಹುದು, ಆ ಅನುಭವವೂ ಕೈಕೆಲಸದ್ದೇ. ಅಲ್ಲಿನವರು ಆನ್‌ಲೈನ್ ಕೋರ್ಸ್ ಎನ್ನುವಾಗ ಪಾಠ ಮನೆಯಲ್ಲಿ, 160 ಗಂಟೆ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಎಂದು ಅರ್ಥ. ‘ಆನ್‌ಲೈನ್’ ಎಂಬ ಪದ ಮಾತ್ರ ವಿಮಾನ ಹತ್ತಿ ಮೈಸೂರಿಗೆ ಬಂತು, 160 ಗಂಟೆ ಅಲ್ಲೇ ಉಳಿಯಿತು. ಮಗಳು ಅಳಿಯನ ಜೊತೆ ಅಲ್ಲೇ ಇದ್ದು, ಕೆಲಸ ಮಾಡುವ ಪರವಾನಗಿಯೂ ಇದ್ದರೆ ಅಲ್ಲಿನ ಶಾಲೆಗೇ ಸೇರಲಿ. ಇಲ್ಲಿಂದ ದುಡ್ಡು ಕಟ್ಟಿ ಕಳಿಸುವ ಪ್ರಮಾಣಪತ್ರ ಅಲ್ಲಿ ಉಪಯೋಗಕ್ಕೆ ಬರುವುದು ಅನುಮಾನ.

ಇನ್ನು ನಮ್ಮ ಕಡೆ. 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಅದರ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಪರ (ಡಾಕ್ಟರಿಗೆ ನೆರವಾಗುವ ಟೆಕ್ನಿಷಿಯನ್ ಥರದವರು) ಎನಿಸಿಕೊಳ್ಳಲು ಕನಿಷ್ಠ 2000 ಗಂಟೆಯ, ಎರಡರಿಂದ ನಾಲ್ಕು ವರ್ಷದ ಡಿಪ್ಲೊಮಾ ಅಥವಾ ಪದವಿ ಬೇಕು. ಈ ಕಾಯ್ದೆಯ ವ್ಯಾಪ್ತಿಯ ಕೋರ್ಸುಗಳನ್ನು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ನಡೆಸಬಾರದೆಂದು ಯುಜಿಸಿ ವಿಶ್ವವಿದ್ಯಾಲಯಗಳಿಗೆ 2025ರಲ್ಲಿ ಹೇಳಿದೆ. ಮೂರು ತಿಂಗಳ ಕೋರ್ಸು ಈ ಲೆಕ್ಕಕ್ಕೆ ಎಲ್ಲಿಯೂ ಹೊಂದುವುದಿಲ್ಲ. ಚಿಕ್ಕ ಅವಧಿಯದೇ ಬೇಕೆಂದರೆ ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ಲಿನ ಜನರಲ್ ಡ್ಯೂಟಿ ಅಸಿಸ್ಟೆಂಟ್ ಥರದ ಕೌಶಲ ಕೋರ್ಸುಗಳಿವೆ, ಪ್ರಮಾಣಪತ್ರದಲ್ಲಿ ಅರ್ಹತಾ ಸಂಕೇತ ಮತ್ತು ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಮಟ್ಟ ಅಚ್ಚಾಗಿರುತ್ತದೆ. ಅದು ಸಹಾಯಕರ ಕೆಲಸ, ಟೆಕ್ನಿಷಿಯನ್ ಕೆಲಸವಲ್ಲ. ನಿಯಮಗಳು ಬದಲಾಗುತ್ತಿರುವ ಕಾಲವಿದು, ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಪ್ಯಾರಾಮೆಡಿಕಲ್ ಮಂಡಳಿಯಲ್ಲೋ ಹತ್ತಿರದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೋ ನೀವೇ ವಿಚಾರಿಸಿ. ಏಜೆಂಟರ ವಾಟ್ಸ್ಆ್ಯಪ್ ಉತ್ತರವನ್ನು ವಿಚಾರಣೆ ಎಂದು ಎಣಿಸಬೇಡಿ.

ಇಷ್ಟು ಹೇಳಿದ ಮೇಲೂ ‘ವಿಡಿಯೋ ತುಂಬಾ ಕ್ಲಿಯರ್ ಆಗಿದೆ’ ಎನ್ನುವವರಿಗಾಗಿ ರಕ್ತ ತೆಗೆಯುವ ಒಂದೇ ಕೆಲಸವನ್ನು ಹತ್ತಿರದಿಂದ ನೋಡೋಣ.

ವಿಡಿಯೋದಲ್ಲಿ ಬಿಳಿ ತೋಳು, ಉಬ್ಬಿದ ನೀಲಿ ನಾಳ, ನಲವತ್ತು ಸೆಕೆಂಡು. ನಮ್ಮ ಬೆಂಚಿನ ಮೇಲೆ ಕೂರುವವರು ಕಬ್ಬಿನ ಗದ್ದೆಯ ಬಿಸಿಲಿಗೆ ತೋಳು ಕಪ್ಪಾಗಿ ಚರ್ಮ ಒರಟಾದವರು. ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದದ್ದಕ್ಕೆ ಹನಿ ನೀರೂ ಕುಡಿಯದೆ ಮೊದಲ ಬಸ್ಸಿಗೆ ಬಂದಿರುತ್ತಾರೆ (ಬರೀ ನೀರು ಕುಡಿಯಬಹುದು, ಹಿಂದಿನ ದಿನವೇ ಇದನ್ನು ಹೇಳುವುದೂ ಅಸಿಸ್ಟೆಂಟಿನ ಕೆಲಸ). ಅಂಥ ತೋಳಿನಲ್ಲಿ ನಾಳ ಕಣ್ಣಿಗೆ ಕಾಣುವುದಿಲ್ಲ, ತೋರುಬೆರಳಿಗೆ ಸಿಗಬೇಕು. ಒತ್ತಿ ಬಿಟ್ಟರೆ ಪುಟಿಯುವುದು ನಾಳ. ಹುರಿಯ ಹಾಗೆ ಗಟ್ಟಿಯಾಗಿ ಸಿಗುವುದು ಸ್ನಾಯುರಜ್ಜು. ಮಿಡಿಯುವುದು ಅಪಧಮನಿ, ಅದರ ತಂಟೆಗೆ ಹೋಗಬಾರದು. ಈ ಮೂರನ್ನು ಬೆರಳ ತುದಿ ಬೇರೆ ಬೇರೆ ಮಾಡಿ ಹೇಳಲು ಹತ್ತಾರು ತೋಳು ಮುಟ್ಟಿರಬೇಕು. ಗಾಜಿನ ಪರದೆ ಪುಟಿಯುವುದಿಲ್ಲ.

ನಾಳ ಉಬ್ಬಲು ತೋಳಿಗೆ ರಬ್ಬರ್ ಪಟ್ಟಿ ಕಟ್ಟುವುದು ಚುಚ್ಚುವ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ, ಒಂದು ನಿಮಿಷಕ್ಕಿಂತ ಹೆಚ್ಚಲ್ಲ. ಹೊಸಬರು ಪಟ್ಟಿ ಕಟ್ಟಿ, ಆಮೇಲೆ ಸೂಜಿ ಹುಡುಕಿ, ಹತ್ತಿ ಹುಡುಕಿ, ‘ಮುಷ್ಟಿ ಬಿಗಿದು ಬಿಡಿ’ ಎಂದು ಹತ್ತು ಸಲ ಹೇಳುತ್ತಾರೆ. ಅಷ್ಟರಲ್ಲಿ ನಾಳದ ನೀರಿನಂಶ ಹೊರಗೆ ಜಿನುಗಿ ಪ್ರೋಟೀನ್ ಹೆಚ್ಚು ತೋರಿಸುತ್ತದೆ, ಮುಷ್ಟಿ ಬಿಗಿದದ್ದಕ್ಕೆ ಪೊಟ್ಯಾಷಿಯಂ ಏರುತ್ತದೆ. ಸ್ಪಿರಿಟ್ ಒರೆಸಿದ ಮೇಲೆ ಅರ್ಧ ನಿಮಿಷ ತಾನಾಗಿ ಒಣಗಲು ಬಿಡಬೇಕು. ಬಾಯಿಂದ ಊದುವ ಅಭ್ಯಾಸ ಎಲ್ಲಿಂದ ಬಂತೋ ಗೊತ್ತಿಲ್ಲ, ಒರೆಸಿದ್ದೂ ದಂಡ. 21 ಗೇಜ್ ಸೂಜಿ, ಇಳಿಜಾರು ಬಾಯಿ ಮೇಲ್ಮುಖ, 15ರಿಂದ 30 ಡಿಗ್ರಿ ಓರೆ. ಪಟ್ಟಿ ಬಿಚ್ಚಿದ ಮೇಲೆ ಸೂಜಿ ಹೊರಗೆ. ಉಲ್ಟಾ ಮಾಡಿದರೆ ತೋಳು ಊದಿ ನೀಲಿಗಟ್ಟುತ್ತದೆ. ಹತ್ತಿ ಒತ್ತಿ ಹಿಡಿದು ಕೈ ನೇರ ಇಡಿಸಬೇಕು, ಮೊಣಕೈ ಮಡಿಸಿ ಕೂರಿಸಬಾರದು.

ಆಮೇಲೆ ಟ್ಯೂಬು. ನೀಲಿ ಮುಚ್ಚಳ, ಕೆಂಪು ಇಲ್ಲವೇ ಹಳದಿ, ಹಸಿರು, ನೇರಳೆ, ಬೂದು, ಈ ಕ್ರಮದಲ್ಲೇ ತುಂಬಬೇಕು. ಆನ್‌ಲೈನ್ ಕಲಿತವರು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಯಾಕೆ ಎಂದರೆ ತಡವರಿಸುತ್ತಾರೆ. ನೇರಳೆ ಟ್ಯೂಬಿನಲ್ಲಿರುವುದು ಪೊಟ್ಯಾಷಿಯಂ ಇಡಿಟಿಎ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ. ಅದನ್ನು ಮೊದಲು ತುಂಬಿ ಆಮೇಲೆ ಕೆಂಪು ಟ್ಯೂಬಿಗೆ ಹೋದರೆ ಸೂಜಿಯಲ್ಲಿ ಅಂಟಿದ ಚೂರು ಅದಕ್ಕೂ ಸೇರುತ್ತದೆ. ಇಡಿಟಿಎ ಕ್ಯಾಲ್ಷಿಯಂ ಹಿಡಿದುಬಿಡುತ್ತದೆ, ಜೊತೆಗೆ ಪೊಟ್ಯಾಷಿಯಂ ಸುರಿಯುತ್ತದೆ. ವರದಿಯಲ್ಲಿ ಕ್ಯಾಲ್ಷಿಯಂ ತೀರಾ ಕಡಿಮೆ, ಪೊಟ್ಯಾಷಿಯಂ ಹೃದಯಕ್ಕೆ ಅಪಾಯ ಅನ್ನುವಷ್ಟು ಹೆಚ್ಚು. ರೋಗಿ ಆರಾಮವಾಗಿ ಹೊರಗೆ ಕೂತು ಇಡ್ಲಿ ತಿನ್ನುತ್ತಿರುತ್ತಾರೆ, ಒಳಗೆ ಡಾಕ್ಟರು ಅಡ್ಮಿಟ್ ಮಾಡುವ ಯೋಚನೆಯಲ್ಲಿರುತ್ತಾರೆ.

ನೀಲಿ ಟ್ಯೂಬಿನದು ಇನ್ನೂ ಸೂಕ್ಷ್ಮ. ಒಳಗೆ 0.3 ಎಂಎಲ್ ಸಿಟ್ರೇಟ್ (ಇದೂ ಹೆಪ್ಪು ತಡೆಯುವುದೇ) ಇದ್ದರೆ 2.7 ಎಂಎಲ್ ರಕ್ತ, ಅಂದರೆ ಒಂದಕ್ಕೆ ಒಂಬತ್ತು, ಗೀಟಿನವರೆಗೆ ತುಂಬಲೇಬೇಕು. ‘ಇಷ್ಟೇ ಬಂತು’ ಎಂದು ಅರ್ಧ ತುಂಬಿ ಕಳಿಸಿದರೆ ರಕ್ತ ಹೆಪ್ಪುಗಟ್ಟಲು ತಡವಾಗುತ್ತಿದೆ ಎಂದು ಸುಳ್ಳು ಉತ್ತರ ಬರುತ್ತದೆ. ಹೃದಯದ ವಾಲ್ವ್ ಬದಲಾಯಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರ ಡೋಸು ಏರುವುದು ಇಳಿಯುವುದು ಈ ಟ್ಯೂಬಿನ ಮೇಲೆ. ತುಂಬಿದ ಮೇಲೆ ಮೆಲ್ಲಗೆ ತಲೆಕೆಳಗು ಮಾಡಬೇಕು, ನೀಲಿಯನ್ನು ಮೂರು ನಾಲ್ಕು ಸಲ, ನೇರಳೆಯನ್ನು ಎಂಟು ಹತ್ತು ಸಲ. ಕೆಮ್ಮಿನ ಸಿರಪ್ ಬಾಟಲಿ ಕುಲುಕಿದ ಹಾಗೆ ಕುಲುಕಿದರೆ ಕೆಂಪು ಕಣ ಒಡೆದು ಮತ್ತೆ ಅದೇ ಪೊಟ್ಯಾಷಿಯಂ ರಗಳೆ.

ಹೆಸರು ಬರೆಯುವುದು ರಕ್ತ ತೆಗೆದ ಮೇಲೆ, ರೋಗಿ ಏಳುವ ಮುಂಚೆ, ಅವರ ಎದುರಿಗೇ. ‘ನೀವು ಜಯಮ್ಮನಾ?’ ಎಂದು ಕೇಳಬಾರದು. ಕಿವಿ ಮಂದವಾದ ಅಜ್ಜಿ ಯಾವ ಹೆಸರು ಹೇಳಿದರೂ ‘ಹೂಂ ಕಣವ್ವ’ ಅನ್ನುತ್ತಾರೆ. ‘ನಿಮ್ಮ ಹೆಸರೇನವ್ವ? ವಯಸ್ಸೆಷ್ಟು? ಯಾವೂರು?’ ಎಂದು ಅವರ ಬಾಯಲ್ಲೇ ಹೇಳಿಸಿ, ಚೀಟಿಯ ಓಪಿಡಿ ಸಂಖ್ಯೆಗೆ ತಾಳೆ ನೋಡಬೇಕು. ಒಂದೇ ಬೆಳಿಗ್ಗೆ ಮೂವರು ಜಯಮ್ಮಂದಿರು ಬರುವ ಊರು ನಮ್ಮದು.

ಬಿಪಿಯದೂ ಇದೇ ಕಥೆ, ಉದ್ದ ಮಾಡುವುದಿಲ್ಲ. ಮೆಟ್ಟಿಲು ಹತ್ತಿ ಬಂದವರನ್ನು ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ 80ರಷ್ಟನ್ನು ಆವರಿಸಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಬರುತ್ತದೆ. ಕಾಫಿ ಕುಡಿದು ಅರ್ಧ ಗಂಟೆಯಾಗಿರಲಿ. ಅಳೆಯುವಾಗ ಮಾತಾಡಿಸಬೇಡಿ, ನಮ್ಮವರಿಗೆ ಇದೊಂದು ಬಲು ಕಷ್ಟ.

ಅಮೆರಿಕದ ಪಾಠಗಳನ್ನು ಹಾಗೆಹಾಗೇ ಕಲಿತವರಿಂದ ಇನ್ನೊಂದು ತೊಂದರೆ. ಅಲ್ಲಿ ಸೋಂಕಿನ ಕಸಕ್ಕೆ ಕೆಂಪು ಚೀಲ. ನಮ್ಮ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ರಕ್ತ ಮೆತ್ತಿದ ಹತ್ತಿ ಹೋಗುವುದು ಹಳದಿಗೆ, ಸುಡಲು. ಕೆಂಪಿಗೆ ಹೋಗುವುದು ಗ್ಲೌಸು, ಸೂಜಿ ಕತ್ತರಿಸಿದ ಸಿರಿಂಜು ಥರದ ಪ್ಲಾಸ್ಟಿಕ್ಕು, ಹಬೆಯಲ್ಲಿ ಶುದ್ಧಮಾಡಿ ಮರುಬಳಕೆಗೆ. ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ, ಗಾಜು ನೀಲಿಗೆ. ವಿಡಿಯೋ ನೋಡಿ ರಕ್ತದ ಹತ್ತಿಯನ್ನು ಕೆಂಪಿಗೆ ಎಸೆದರೆ ಮರುಬಳಕೆಯ ರಾಶಿಯೇ ಕೆಡುತ್ತದೆ. ಚೀಟಿಯ ಭಾಷೆಯೂ ಬೇರೆ: ನಮ್ಮ ಡಾಕ್ಟರು ‘ಓಡಿ’ ಬರೆದರೆ ದಿನಕ್ಕೊಂದು ಸಲ, ಅಲ್ಲಿನ ಪುಸ್ತಕದಲ್ಲಿ ‘ಓಡಿ’ ಎಂದರೆ ಬಲಗಣ್ಣು. ಅಲ್ಲಿನ ವಿಮೆಯ ಪಾಠ ಇಲ್ಲಿ ಏನಕ್ಕೂ ಬರದು. ಇಲ್ಲಿ ಕೌಂಟರಿನಲ್ಲಿ ಕೇಳುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾಗದ, ಬಿಪಿಎಲ್ ಕಾರ್ಡು, ರೆಫರಲ್ ಚೀಟಿ.

ಆನ್‌ಲೈನ್ ಪಾಠ ನಿಜವಾಗಿ ಸಾಕಾಗುವ ಕೆಲಸವೂ ಒಂದಿದೆ, ಅದನ್ನು ಮುಚ್ಚಿಡಬಾರದು. ಮೈಸೂರಿನಲ್ಲಿ ಕೂತು ರಾತ್ರಿ ಪಾಳಿಯಲ್ಲಿ ಅಮೆರಿಕದ ಡಾಕ್ಟರ ಮಾತು ಕೇಳಿ ಟಿಪ್ಪಣಿ ಬರೆಯುವ ಸ್ಕ್ರೈಬ್, ವಿಮೆಯ ಒಪ್ಪಿಗೆ ವಿಚಾರಿಸುವ ವರ್ಚುವಲ್ ಅಸಿಸ್ಟೆಂಟ್, ರೋಗಗಳಿಗೆ ಸಂಕೇತ ಹಾಕುವ ಐಸಿಡಿ-10 ಕೋಡಿಂಗ್. ಇವುಗಳಲ್ಲಿ ರೋಗಿಯ ತೋಳು ಮುಟ್ಟುವುದಿಲ್ಲ, ಹಾಗಾಗಿ ಸಿಎಂಎಗೆ ದುಡ್ಡು ಸುರಿಯುವ ಅಗತ್ಯವೂ ಇಲ್ಲ. ಬೇಕಾದದ್ದು ಟೈಪಿಂಗ್ ವೇಗ, ಅಂಗರಚನೆಯ ಶಬ್ದಗಳು, ಚುರುಕು ಕಿವಿ. ಹೈಡ್ರಾಕ್ಸಿಜಿನ್ ತುರಿಕೆಗೆ, ಹೈಡ್ರಲಜಿನ್ ಬಿಪಿಗೆ. ರಾತ್ರಿ ಮೂರು ಗಂಟೆಯ ತೂಕಡಿಕೆಯಲ್ಲಿ ಎರಡೂ ಒಂದೇ ಕೇಳಿಸುತ್ತವೆ. ಅಲ್ಲಿನ 1996ರ ಹಿಪಾ ಕಾಯ್ದೆಯಂತೆ ರೋಗಿಯ ವಿವರ ಗೋಪ್ಯ. ನಾಲ್ಕು ಜನ ಇರುವ ಪಿಜಿ ರೂಮಿನಲ್ಲಿ ಸ್ಪೀಕರ್ ಹಾಕಿಕೊಂಡು ಮಾಡುವ ಕೆಲಸವಲ್ಲ.

ರೋಗಿಯನ್ನು ಮುಟ್ಟುವ ಕೆಲಸಕ್ಕೇ ಹೋಗುವುದಾದರೆ ಸೇರುವ ಮುಂಚೆ ಕೇಳಿ: ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ಗಂಟೆ, ನನ್ನ ಕೈ ನೋಡಿ ಸಹಿ ಹಾಕುವವರು ಯಾರು? ಉತ್ತರವನ್ನು ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ. ಆ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಅಥವಾ ಲ್ಯಾಬ್ ಇನ್‌ಚಾರ್ಜನ್ನು ಹೋಗಿ ಕೇಳಿ, ಫೋನಿನಲ್ಲಲ್ಲ. ‘ನಿಮ್ಮೂರಿನ ಯಾವುದಾದರೂ ಕ್ಲಿನಿಕ್ಕಿನಲ್ಲಿ ಮಾಡಿಕೊಂಡು ಸಹಿ ಹಾಕಿಸಿ ಕಳಿಸಿ’ ಎಂದರೆ ಅಲ್ಲಿಗೇ ನಮಸ್ಕಾರ ಹೇಳಿ. ಮನೆಯಲ್ಲಿ ತಮ್ಮನ ಕೈಗೆ ಸೂಜಿ ಚುಚ್ಚಿ ಅಭ್ಯಾಸ ಮಾಡುವುದಂತೂ ಬೇಡವೇ ಬೇಡ. ನಾಡಿ ಹಿಡಿಯುವುದು, ಬಿಪಿ ನೋಡುವುದು, ಬೆರಳಿನಿಂದ ನಾಳ ಹುಡುಕುವುದು ಮನೆಯವರ ಮೇಲೆ ಎಷ್ಟು ಬೇಕಾದರೂ ಮಾಡಿ.

ಗಟ್ಟಿ ಆಸ್ಪತ್ರೆ ಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಕಲಿಯುವಾಗ ಸೂಜಿ ತಮಗೇ ಚುಚ್ಚಿಕೊಳ್ಳುವವರು ಇದ್ದೇ ಇರುತ್ತಾರೆ. ಗಾಯ ಹಿಂಡಬಾರದು, ಸೋಪು ನೀರಿನಲ್ಲಿ ತೊಳೆದು ಕೂಡಲೇ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಸಾಧ್ಯವಾದರೆ ಎರಡು ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುವಾಗಿ 28 ದಿನ ನಡೆಯಬೇಕು. ಯಾವ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲದ ‘ಆನ್‌ಲೈನ್ ಟ್ರೈನಿ’ ಆ ಎರಡು ಗಂಟೆಯಲ್ಲಿ ಯಾರ ಬಾಗಿಲು ತಟ್ಟಬೇಕು? ಹೆಪಟೈಟಿಸ್ ಬಿಗೆ ಲಸಿಕೆ ಇದೆ: ಇಂದು ಒಂದು, ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು, ಅದಾಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಹತ್ತಕ್ಕಿಂತ ಮೇಲಿದೆಯೇ ಎಂದು ಪರೀಕ್ಷೆ. ಕೋರ್ಸಿನ ಫೀಸು ಕಟ್ಟುವ ವಾರವೇ ಮೊದಲ ಡೋಸ್ ಹಾಕಿಸಿ, ಲಸಿಕೆಯ ಚೀಟಿಯನ್ನು ಮಾರ್ಕ್ಸ್ ಕಾರ್ಡಿನ ಫೈಲಿನಲ್ಲೇ ಇಟ್ಟುಕೊಳ್ಳಿ. ವಾರ್ಡಿಗೆ ಬಿಡುವ ಮುಂಚೆ ಅದನ್ನು ಕೇಳುತ್ತಾರೆ.