ಮಳೆ ಕರಗಿಸಿದ ಅರಮನೆ, ಮತ್ತೆ ಕಟ್ಟಿದ ಕಾಂಕ್ರೀಟು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಕೊಳವಿರುವ ಒಂದು ಪಾರ್ಕಿನ ನಡುವೆ, ಹಳೆಯ ರೋಮಿನ ಪಾಳು ದೇಗುಲದಂಥ ಕಟ್ಟಡವಿದೆ. ಹೆಸರು ಪ್ಯಾಲೇಸ್ ಆಫ್ ಫೈನ್ ಆರ್ಟ್ಸ್. ದೊಡ್ಡ ಗುಮ್ಮಟ, ಬಾಗಿದ ಕಂಬಸಾಲು, ಅದರ ಮೇಲೆ ನಮಗೆ ಬೆನ್ನು ಮಾಡಿ ಅಳುತ್ತಿರುವ ಹೆಂಗಸರ ಶಿಲ್ಪಗಳು. ಆದರೆ ಈಗ ನಿಂತಿರುವ ಗುಮ್ಮಟ 1960ರ ದಶಕದ್ದು!

ಮೊದಲ ಕಟ್ಟಡ ಎದ್ದದ್ದು 1915ರ ವಸ್ತುಪ್ರದರ್ಶನಕ್ಕೆ. ಪನಾಮಾ ಕಾಲುವೆ ತೆರೆದ ಸಂಭ್ರಮ ಅದು. 1906ರ ಭೂಕಂಪದಿಂದ ಊರು ಚೇತರಿಸಿಕೊಂಡಿದೆ ಎಂದು ತೋರಿಸುವ ಆಸೆಯೂ ಇತ್ತು. ವಿನ್ಯಾಸ ಬರ್ನಾರ್ಡ್ ಮೇಬೆಕ್ ಅವರದು. ಪ್ರದರ್ಶನ ಮುಗಿದ ಮೇಲೆ ಕೆಡವುವ ಕಟ್ಟಡಕ್ಕೆ ಕಲ್ಲು ಯಾಕೆ? ಪ್ಲಾಸ್ಟರ್ ಆಫ್ ಪ್ಯಾರಿಸಿಗೆ ನಾರು ಬೆರೆಸಿ ಕಂಬ, ಶಿಲ್ಪ ಎಲ್ಲ ಮಾಡಿದರು. ನಮ್ಮ ಮನೆಗಳ ಸೀಲಿಂಗಿಗೆ ಹಚ್ಚುವ ಪಿಒಪಿ ಇದೇ.

ಪಿಒಪಿ ಹುಟ್ಟುವುದು ಜಿಪ್ಸಂನಿಂದ. ಜಿಪ್ಸಂ ಹರಳಿನೊಳಗೆ ನೀರು ಸೇರಿಕೊಂಡಿರುತ್ತದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಆ ನೀರಿನ ಮುಕ್ಕಾಲು ಪಾಲು ಹಾರಿ ಬಿಳಿ ಪುಡಿ ಉಳಿಯುತ್ತದೆ. ಪುಡಿಗೆ ನೀರು ಹಾಕಿದರೆ ಸೂಜಿಯಂಥ ಹರಳುಗಳು ಬೆಳೆದು, ಒಂದರೊಳಗೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಎಷ್ಟು ನಾಜೂಕಿನ ಕೆತ್ತನೆಯೂ ಅಚ್ಚಿನಲ್ಲಿ ಸಲೀಸಾಗಿ ಮೂಡುತ್ತದೆ. ತೊಂದರೆ ಒಂದೇ. ಜಿಪ್ಸಂ ನೀರಿನಲ್ಲಿ ಕರಗುತ್ತದೆ, ಲೀಟರಿಗೆ ಸುಮಾರು 2 ಗ್ರಾಂ. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಸಮುದ್ರದ ಮಂಜು, ಚಳಿಗಾಲದ ಮಳೆ ದಶಕಗಟ್ಟಲೆ ತಾಗಿದರೆ ಅಷ್ಟೇ ಸಾಕು.

ಈ ಕಟ್ಟಡದ ಮೇಲೆ ಜನರಿಗೆ ಎಷ್ಟು ಪ್ರೀತಿ ಎಂದರೆ, ಪ್ರದರ್ಶನ ನಡೆಯುವಾಗಲೇ ಇದನ್ನು ಉಳಿಸಲು ಸಂಘ ಕಟ್ಟಿಕೊಂಡರು. ಕೆಡವಲಿಲ್ಲ, ನಿಜ. ಆದರೆ 1950ರ ಹೊತ್ತಿಗೆ ಅದು ಉದುರುತ್ತಿತ್ತು. ಕೊನೆಗೆ 1964ರಲ್ಲಿ, ಗುಮ್ಮಟದ ಹಿಂಬದಿಯಲ್ಲಿದ್ದ ಪ್ರದರ್ಶನ ಸಭಾಂಗಣದ ಉಕ್ಕಿನ ಚೌಕಟ್ಟು ಬಿಟ್ಟು ಎಲ್ಲವನ್ನೂ ಕೆಡವಿ, ಹಗುರ ಕಾಂಕ್ರೀಟಿನಲ್ಲಿ ಮತ್ತೆ ಎರಕ ಹೊಯ್ದರು. ಗುಮ್ಮಟಕ್ಕೆ ಉಕ್ಕಿನ ತೊಲೆ ಏರಿಸಿದರು. ಆದರೆ ಗುಮ್ಮಟದೊಳಗಿನ ಚಿತ್ರಗಳು ಆಗ ಮರಳಲಿಲ್ಲ.

ಇದನ್ನು ನಕಲು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮೊದಲ ಕಟ್ಟಡವೂ ಅಚ್ಚಿನಲ್ಲಿ ಹೊಯ್ದದ್ದೇ. ಮೇಬೆಕ್ ಕೊಟ್ಟದ್ದು ಆಕಾರ. ಆ ಆಕಾರ ಉಳಿದಿದೆ. ಗಟ್ಟಿಯಾದ ಸಿಮೆಂಟು ಮಳೆಗೆ ಜಿಪ್ಸಂನಷ್ಟು ಸುಲಭವಾಗಿ ಕರಗುವುದೂ ಇಲ್ಲ.

ಹಗುರ ಕಾಂಕ್ರೀಟಿಗೆ ಇಲ್ಲಿ ಇನ್ನೊಂದು ಲಾಭವಿದೆ. ಭೂಕಂಪದಲ್ಲಿ ಭಾರ ಜಾಸ್ತಿಯಾದಷ್ಟೂ ಕಟ್ಟಡದ ಮೇಲೆ ಬೀಳುವ ಬಲವೂ ಜಾಸ್ತಿ. ಸುತ್ತಲಿನ ಮರೀನಾ ಬಡಾವಣೆಯ ಬಹುಪಾಲು ನೆಲ ಕೊಲ್ಲಿಯನ್ನು ತುಂಬಿಸಿ ಮಾಡಿದ್ದು. 1989ರ ಭೂಕಂಪದಲ್ಲಿ ಅಲ್ಲಿನ ಒದ್ದೆ ಮರಳು ಕೆಸರಿನಂತೆ ಸಡಿಲಗೊಂಡು ಮನೆಗಳು ಕುಸಿದವು. ಮುಂದೆ ಈ ಗುಮ್ಮಟವನ್ನೂ ಕಂಬಸಾಲನ್ನೂ ಭೂಕಂಪ ತಾಳುವಂತೆ ಬಲಪಡಿಸಿದರು.